ಮಾಳವ್ವನ ಸೂಜಿ, ನಾಲ್ಕು ಬೆರಳಿನ ಬೆಳಕು

ನಮ್ಮ ದಾಳಿಂಬ ಊರಲ್ಲಿ ಕಾಲಿಗೆ ಮುಳ್ಳು ಮುರಿದರೆ ದವಾಖಾನೆಗಿಂತ ಮೊದಲು ಮಾಳವ್ವನ ಮನೆ. ಆಕೆ ವಲಾಂಡಿಯ ಕುರುಬರ ಮಗಳು. ಸಣ್ಣವಳಿದ್ದಾಗಲೇ ಕುರಿಗಳ ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ಸೊಸೆಯಾಗಿ ಇಲ್ಲಿಗೆ ಬಂದ ಮೇಲೆ ಮಂದಿಯ ಕಾಲುಗಳೂ ಅವಳ ತೊಡೆಯ ಮೇಲೆ ಬಂದವು. ಐವತ್ತು ವರ್ಷ, ಒಂದೇ ಸೂಜಿ.

ಈಗ ಕಣ್ಣು ಮಬ್ಬು. ಹೋದ ವಾರ ತೊಗರಿ ಹೊಲದಲ್ಲಿ ನನ್ನ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಿತು. ಕುಂಟುತ್ತ ಅವಳ ಕಟ್ಟೆಗೆ ಹೋದೆ.

"ರಂಭಕ್ಕಾ, ಇದೊಂದು ಬರ್ಲಿಲ್ಲಂದ್ರ ಸೂಜಿ ಬಾವಿಗಿ ಒಗಿತೀನಿ ನೋಡು," ಅಂದಳು. ನಕ್ಕೇ ಅಂದಳು, ಆದರೆ ಸೂಜಿಯನ್ನು ಎರಡೆರಡು ಸಲ ಒರೆಸಿದಳು.

ಅವಳ ಮೊಮ್ಮಗಳು ಸೋನಾಲಿ ಉಮರ್ಗಾದಿಂದ ಒಂದು ಭೂತಗನ್ನಡಿ ತಂದುಕೊಟ್ಟಿದ್ದಳು. ಅದನ್ನು ನನ್ನ ಕಾಲಿನಿಂದ ಒಂದು ಗೇಣು ಮೇಲೆ ಹಿಡಿದು ಮಾಳವ್ವ ಸೂಜಿ ಆಡಿಸಿದಳು. ನಾನು ಚೀರಿದೆ. ಮುಳ್ಳು ಇನ್ನೂ ಒಳಗೆ ಸರಿದಿತ್ತು.

"ನಾ ಬಲಕ್ ಒತ್ತಿದ್ರ ಸೂಜಿ ಎಡಕ್ ಹೊಂಟದಲ್ಲ!"

"ಕೈಗೆ ವಯಸ್ಸಾಗ್ಯಾದ, ಮತ್ತೇನು," ಅಂದೆ.

"ಸುಮ್ ಕುಂದ್ರು. ನಿನ್ನ ಕಾಲೇ ಕೆಳಗ-ಮ್ಯಾಲ ಆಗ್ಯಾದ ಇದರಾಗ!"

ಅಷ್ಟೇ, ನನ್ನ ಕಾಲು ಮರೆತಳು. ಅಂಗಳದ ಬಿಸಿಲಿಗೆ ಗಾಜು ಹಿಡಿದಳು. ನೆಲದ ಹತ್ತಿರ ಹಿಡಿದಾಗ ಬೆಳಕು ಗಾಜಿನಷ್ಟೇ ಅಗಲ. ಮೇಲೆತ್ತಿದಂತೆ ಕುಗ್ಗಿ ಜೋಳದ ಕಾಳಷ್ಟಾಯಿತು. ಇನ್ನೂ ಎತ್ತಿದರೆ ಮತ್ತೆ ಹರಡಿತು. ಕಾಳಾದಾಗ ನೆಲಕ್ಕೂ ಗಾಜಿಗೂ ನಡುವೆ ಬೆರಳಿಟ್ಟು ಅಳೆದಳು: ನಾಲ್ಕು ಬೆರಳು. ಗಾಜನ್ನು ಹೆಬ್ಬೆರಳಿನಿಂದ ಸವರಿ, "ನಡು ದಪ್ಪ, ಅಂಚು ತೆಳು. ಅದಕ್ಕೇ ಬೆಳಕು ಒಳಗ ಬಾಗ್ತದ," ಅಂದಳು. ಆಮೇಲೆ ಉಣ್ಣೆಯ ಎರಡು ಎಳೆ ತಂದು ನನ್ನ ಮುಂದೆ ಕತ್ತರಿಯಂತೆ ಒಂದರ ಮೇಲೊಂದು ಅಡ್ಡಹಾಯಿಸಿ ಹಿಡಿದಳು.

"ನೋಡು, ಕೂಡಿದ ಜಾಗಾ ದಾಟಿದ್ರ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ. ನಾ ಗಾಜು ದೂರ ಹಿಡಿದೆ, ಬೆಳಕು ಕೂಡಿ ದಾಟಿ ನನ್ನ ಕಣ್ಣಿಗೆ ಬಂತು. ನಾಕ್ ಬೆರಳಿನ ಒಳಗ ಹಿಡಿದ್ರ ಕೂಡೂದೇ ಇಲ್ಲ."

"ಮೊದ್ಲ ಮುಳ್ಳು ತಗಿ ಮಾಸ್ತರಬಾಯಿ, ಆಮ್ಯಾಲ ಸಾಲಿ ನಡಸು!"

ಈ ಸಲ ಗಾಜು ಕಾಲಿನಿಂದ ಮೂರೇ ಬೆರಳು ಮೇಲೆ. ಉಸಿರು ಹಿಡಿದು ನೋಡಿದಳು.

"ನೆಟ್ಟಗದ. ಎಮ್ಮಿ ಕೋಡಿನಷ್ಟು ಕಾಣ್ತದ."

ಸೂಜಿ ಒಮ್ಮೆ ಆಡಿತು. ಮುಳ್ಳು ನನ್ನ ಅಂಗೈ ಮೇಲೆ ಬಂತು. ಸೂಜಿಯನ್ನು ಒರೆಸಿ ತನ್ನ ಕುಪ್ಪಸದ ಅಂಚಿಗೆ ಚುಚ್ಚಿಕೊಂಡಳು. ಬಾವಿಯ ಮಾತು ಮತ್ತೆ ಎತ್ತಲಿಲ್ಲ.

ನಾನು ಏಳಲು ಹೋದರೆ ಕೈ ಬಿಡಲೊಲ್ಲಳು. ಅಂಗೈಯ ಮುಳ್ಳಿನ ಮೇಲೆ ಗಾಜನ್ನು ಎತ್ತುತ್ತ ಇಳಿಸುತ್ತ ಕೂತಳು.

"ಈಗ ನೆಟ್ಟಗ... ಈಗ ತಲಿಕೆಳಗ... ನಡುವ ಒಂದ್ ಕಡಿ ಏನೂ ಕಾಣವಲ್ದು. ರಂಭಕ್ಕಾ, ಆವಾಗ ಮುಳ್ಳು ಎಲ್ಲಿ ಹೋಗ್ತದ?"