ಮಾತಿಗಿಂತ ಮೊದಲು ಬೆರಳು

ಬೆಳಿಗ್ಗೆ ಅಟ್ಟದ ಮೇಲಿಂದ ಗುಡುಗುಡು ಸದ್ದು ಕೇಳಿಸಿತು. ನಮ್ಮ ತಿಪಟೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ಹೊರಗಿನವರಾದರೆ ಕೇಳಿ. ಸಿಪ್ಪೆ ಸುಲಿಯದ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಸದ್ದು ಬರುತ್ತದೆ. ಅಲ್ಲಿಯವರೆಗೆ ಕಾಯುವುದೇ ಕೆಲಸ.

ನನ್ನ ಕಿರಿಮಗಳು ಸಿರಿ ಮೂರು ವರ್ಷವಾದರೂ ಅಮ್ಮ ಎನ್ನದಿದ್ದಾಗ ನಮ್ಮತ್ತೆ ಇದನ್ನೇ ಹೇಳಿದ್ದರು. "ಅಟ್ಟದ್ ಕಾಯಿ ಇದ್ದಂಗೆ ಕಣೇ. ಒಳಗೊಳಗೇ ಆಯ್ತಾ ಇರ್ತದೆ, ಸುಮ್ಕಿರು." ಸುಮ್ಮನಿರುವುದು ನನ್ನಿಂದಾಗದ ಕೆಲಸ. ಮಾತಿನಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ದಬ್ಬೇಘಟ್ಟದಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಕಾದೆ.

ಹಾಗಂತ ಸಿರಿಗೆ ದನಿ ಇರಲಿಲ್ಲವೆಂದಲ್ಲ. ಬಸ್ ಕಂಡಕ್ಟರನ ಕೂಗನ್ನು ಅವನ ರಾಗದಲ್ಲೇ ಒಪ್ಪಿಸುತ್ತಿದ್ದಳು. "ನೀರ್ ಬೇಕಾ?" ಎಂದರೆ "ನೀರ್ ಬೇಕಾ?" ಎಂದೇ ತಿರುಗಿ ಅನ್ನುತ್ತಿದ್ದಳು. ಇಷ್ಟೆಲ್ಲ ಬರುವ ಬಾಯಿಗೆ ಅಮ್ಮ ಅನ್ನುವುದೊಂದು ಯಾಕೆ ಬಾರದು? ನನಗೆ ತಲೆಬುಡ ತಿಳಿಯದೆ ಅಳು ಬರುತ್ತಿತ್ತು.

ಕೊನೆಗೆ ತಿಪಟೂರಿನಲ್ಲಿ ಮಕ್ಕಳಿಗೆ ಮಾತು ಕಲಿಸುವ ಮೇಡಂ ಹತ್ತಿರ ಹೋದೆವು. ಇದು ಆಟಿಸಂ ಎಂದು ಮೆಲ್ಲಗೆ ತಿಳಿಸಿದವರು, "ಮಾತು ಹಾಗಿರ್ಲಿ. ಕಾಗೆ ಗೀಗೆ ಕಂಡ್ರೆ ಬೆರಳು ಮಾಡಿ ನಿಮಗೆ ತೋರಿಸ್ತಾಳಾ?" ಎಂದರು. ಇಲ್ಲ ಎಂದೆ. "ನಿಮ್ಮ ದೊಡ್ಡ ಮಗಳು ಯಾವಾಗ ತೋರಿಸಿದ್ಲು?" ನಾನು ಯಜಮಾನರ ಮುಖ ನೋಡಿದೆ, ಅವರು ಫ್ಯಾನ್ ನೋಡಿದರು. ಮಾತು ಬರಲಿ ಎಂದು ಬಂದವರಿಗೆ ಬೆರಳಿನ ಪ್ರಶ್ನೆ! ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದೇ ಗೊಂದಲ.

ಮಾರನೆಯ ದಿನ ಪಕ್ಕದ ಮನೆಯ ಕೂಸು, ಇನ್ನೂ ನಿಲ್ಲಲೂ ಬಾರದ್ದು, ಸೂರಿನ ಕಾಗೆಯತ್ತ ಬೆರಳು ಚಾಚಿ "ಆ!" ಎಂದಿತು. ತಕ್ಷಣ ತಿರುಗಿ, ಅಮ್ಮನೂ ನೋಡಿದಳೋ ಇಲ್ಲವೋ ಎಂದು ಅವಳ ಮುಖ ನೋಡಿತು. ಒಂದು ಪದವಿಲ್ಲದೆ ಇಬ್ಬರೂ ಕಾಗೆಯ ಸುದ್ದಿ ಮಾತಾಡಿ ಮುಗಿಸಿದ್ದರು. ನಮ್ಮ ದೊಡ್ಡವಳೂ ಹೀಗೇ ಮಾಡಿರಬೇಕು, ಯಾರು ಗಮನಿಸಿದ್ದರು? ಸಿರಿಯಲ್ಲಿ ಕಾಣದೆ ಹೋದದ್ದರಿಂದಲೇ ಅಂಥದ್ದೊಂದು ಇದೆಯೆಂದು ನನಗೆ ತಿಳಿದದ್ದು. ಹಾಗಾದರೆ ಇಷ್ಟು ವರ್ಷ ನಾನು ಮಾತು ಎಂದುಕೊಂಡದ್ದು ಯಾವುದನ್ನು? ಈಗಲೂ ಸರಿಯಾಗಿ ಹೇಳಲಾರೆ.

ಇವತ್ತು ಅಜ್ಜಿಯ ಜೊತೆ ಅಟ್ಟದಿಂದ ಇಳಿದು ಬಂದ ಸಿರಿಗೆ ಈಗ ಏಳು ವರ್ಷ. ಕೈಯಲ್ಲಿದ್ದ ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಕೊಬ್ರಿ ಆಯ್ತಾ?" ಎಂದಳು. ಅದು ಅವಳಜ್ಜಿ ದಿನವೂ ಆಡುವ ಮಾತು, ರಾಗವೂ ಅಜ್ಜಿಯದೇ. ಬರೀ ಒಪ್ಪಿಸಿದಳೋ, ನನ್ನನ್ನೇ ಕೇಳಿದಳೋ ತಿಳಿಯಲಿಲ್ಲ. ಆದರೆ ಅವಳ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಕಾಯಿಗೆ ಕಿವಿಗೊಟ್ಟೆ. ಅವಳು ಇನ್ನೊಮ್ಮೆ ಅಲ್ಲಾಡಿಸಿ, ಮುಖ ನೋಡುತ್ತಲೇ ಕಾದಳು.

"ಆಯ್ತು ಕಣವ್ವ" ಎಂದೆ.