ಓಣಿಯ ಬಾಯಿಗೆ ಕಟ್ಟಿದ ಹಗ್ಗ

ಬನಹಟ್ಟಿಯಲ್ಲಿ ನಾನಿರುವ ಮಹಡಿಯ ಕೋಣೆಯ ಕೆಳಗೆ ನೂಲಿನ ಅಂಗಡಿಯಿದೆ. ಎದುರಿಗಿರುವುದೂ ನೂಲಿನ ಅಂಗಡಿಯೇ. ಇವೆರಡರ ನಡುವೆ ಒಂದು ಲಾರಿ ಬಂದು ನಿಂತರೆ ಎಡಗಡೆ ಒಂದು ಸೈಕಲ್ ದಾಟಬಹುದು, ಬಲಗಡೆ ಮನುಷ್ಯ ಅಡ್ಡ ತಿರುಗಿ ದಾಟಬೇಕು. ಓಣಿಯ ಬಾಯಲ್ಲಿ ಅಂಗಡಿಗಳು, ಒಳಗೆ ಹೋದಂತೆ ಕರೆಂಟಿನ ಮಗ್ಗದ ಮನೆಗಳು. ಓಣಿ ಇನ್ನೊಂದು ತುದಿಯಲ್ಲಿ ರಬಕವಿಯ ರಸ್ತೆಗೆ ತೆರೆದುಕೊಳ್ಳುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಮುಧೋಳದ ಮನೆ ಬಿಟ್ಟು ಈ ಕೋಣೆಗೆ ಬಂದೆ. ಪತ್ರಿಕೆಗೆ ಸುತ್ತಲಿನ ತಾಲ್ಲೂಕುಗಳ ಸುದ್ದಿ ಕಳಿಸುವ ಕೆಲಸ ಎಲ್ಲಿ ಕುಳಿತರೂ ನಡೆಯುತ್ತದೆ. ಮಗ್ಗದ ಸದ್ದಿರುವ ಕಡೆ ಮನೆ ಖಾಲಿ ಅನಿಸುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದ್ದರು. ಅದು ಅರ್ಧ ಮಾತ್ರ ನಿಜ. ಸದ್ದಿನಿಂದ ಕೋಣೆ ತುಂಬುತ್ತದೆ. ಆದರೆ ಆ ಸದ್ದಿನಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಮಗ್ಗ ನಡೆಯುತ್ತಿರುವಾಗ ಈ ಓಣಿಯಲ್ಲಿ ಬೆನ್ನ ಹಿಂದಿನ ಹಾರ್ನ್ ಕೂಡ ಕೇಳಿಸುವುದಿಲ್ಲ. ಜನ ಬಾಗಿಲಿಗೆ ಬಂದು ಬೇಕಾದಷ್ಟು ಹೇಳಿ ಒಳಗೆ ಹೋಗುತ್ತಾರೆ.

ಲಾರಿಗಳ ಗೊಂದಲ ನಾನು ಬರುವ ಮೊದಲೇ ಇತ್ತು. ಇಚಲಕರಂಜಿ, ಸೊಲ್ಲಾಪುರದ ಕಡೆಯಿಂದ ನೂಲು ಬರುತ್ತದೆ, ಇಲ್ಲಿಂದ ಸೀರೆಯ ಗಂಟುಗಳು ಹೋಗುತ್ತವೆ. ಪ್ರತಿಯೊಬ್ಬ ವ್ಯಾಪಾರಿ ತನ್ನ ಲಾರಿಯನ್ನು ತನಗೆ ಬೇಕಾದಾಗ ಒಳಗೆ ಕರೆಸುತ್ತಿದ್ದ. ಎರಡು ಲಾರಿ ಎದುರುಬದುರಾದರೆ ಯಾರೂ ಹಿಂದೆ ಸರಿಯುತ್ತಿರಲಿಲ್ಲ. ಚಾಲಕರು ಎಂಜಿನ್ ಆರಿಸಿ ಚಹಾಕ್ಕೆ ಹೋಗುತ್ತಿದ್ದರು. ಒಮ್ಮೆ ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದ ಬಾಣಂತಿಯೊಬ್ಬಳು ಆಟೋ ಇಳಿದು, ಕೂಸನ್ನು ಎದೆಗವಚಿಕೊಂಡು, ಲಾರಿಗೂ ಗೋಡೆಗೂ ನಡುವೆ ಅಡ್ಡಡ್ಡ ನಡೆದು ಬಂದಳು. ಆ ಮೇಲೆ ಊರಾಡಳಿತದ ಅಧಿಕಾರಿ ಒಂದು ವ್ಯವಸ್ಥೆ ಮಾಡಿದರು. ಲಾರಿಗಳು ಓಣಿಯ ಬಾಯಿಗೆ ಎದುರಾಗಿ, ಜಮಖಂಡಿಯ ದೊಡ್ಡ ರಸ್ತೆಯ ಬದಿಯ ಬಯಲಿನಲ್ಲಿ ಸರದಿ ಕಾಯಬೇಕು. ಬೆಳಗಿನ ಹೊತ್ತು ಒಂದೊಂದಾಗಿ ಓಣಿಗೆ ಬಂದು, ಇಳಿಸಿ, ರಬಕವಿಯ ಕಡೆಯಿಂದ ಹೊರಗೆ ಹೋಗಬೇಕು. ಓಣಿಯ ಬಾಯಿಗೆ ಅಡ್ಡ ಒಂದು ಹಗ್ಗ. ಹಗ್ಗ ಇಳಿಸಿ ಏರಿಸುವುದಕ್ಕೆ ದಿನಗೂಲಿಯ ಮೇಲೆ ಒಬ್ಬರು. ಸದ್ಯಕ್ಕೆ ಪ್ರಾಯೋಗಿಕ, ದೂರು ಬಾರದಿದ್ದರೆ ಮುಂದುವರಿಕೆ. ಇಷ್ಟನ್ನು ನಾನು ಸುದ್ದಿಯಾಗಿ ಕಳಿಸಿದ್ದೆ.

ಆ ಕೆಲಸಕ್ಕೆ ಬಂದವಳು ಬೀಳಗಿಯ ಆಚೆಯ ಹಳ್ಳಿಯ ಹೆಂಗಸು. ನಲವತ್ತರ ಆಸುಪಾಸು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು, ಕೊರಳಲ್ಲಿ ಸೀಟಿ. ಸೀಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೆಂದು ಮೊದಲ ಬೆಳಿಗ್ಗೆಯೇ ಅವಳಿಗೆ ತಿಳಿದಿರಬೇಕು. ಮರುದಿನದಿಂದ ಅದು ಜಾಕೀಟಿನ ಜೇಬಿನಲ್ಲಿತ್ತು.

ಹಗ್ಗದ ಹತ್ತಿರದ ಚಹಾದ ಗಾಡಿಗೆ ನಾನು ದಿನಾ ಇಳಿಯುತ್ತಿದ್ದೆ. ಅಲ್ಲಿ ಸದ್ದು ಸ್ವಲ್ಪ ಕಡಿಮೆ. ಒಂದು ದಿನ ಅವಳೇ ಕೇಳಿದಳು.

"ಮ್ಯಾಲಿನ ಕೋಲ್ಯಾಗ ಇರಾವ್ರು ನೀವ ಏನ್ರಿ?"

"ಹೌದ."

"ಒಬ್ಬರ ಇರತೀರಿ?"

"ಒಬ್ಬನ."

"ನಾನೂ ಹಂಗ ರೀ. ರಬಕವಿ ಹಾದ್ಯಾಗ ಕೋಲಿ ಹಿಡದೇನಿ. ಅಣ್ಣನ ಮನ್ಯಾಗ ಹತ್ತ ಮಂದಿ ಇದ್ದಾರ. ಎಲ್ಲಾರೂ ಛಲೋ ಮಂದಿನ. ಆದ್ರ ನಾ ಎಲ್ಲಿ ಕುಂತ್ರೂ ಅದು ಯಾರದರ ಜಾಗಾ ಆಗಿರತೈತಿ." ಹಗ್ಗದ ಗಂಟು ಸರಿಮಾಡುತ್ತ ಮುಂದುವರಿಸಿದಳು. "ಇಲ್ಲಿ ಬಾಗಲಾ ಹಾಕ್ಕೊಂಡ್ರ ಬಾಗಲಾ ನಂದು. ಈ ಕೆಲಸಾ ಉಳದ್ರ ಕೋಲಿ ಉಳೀತು. ಇಲ್ಲಂದ್ರ ಹೊಳ್ಳಿ ಅಣ್ಣನ ಮನಿ."

ಗಂಡನ ಮನೆ ಬಿಟ್ಟು ಬಹಳ ವರ್ಷವಾಗಿತ್ತು ಎಂಬುದು ಅವಳ ಮಾತಿನಲ್ಲಿ ಬಂತು.

ಅವಳ ತವರಿನವರು ಕುರಿ ಕಾಯುವವರು. ಲಾರಿಗಳ ವಿಷಯದಲ್ಲಿ ಅವಳು ಹಿಡಿದದ್ದು ಕುರಿ ಕಾಯುವವರ ದಾರಿಯೇ. ಎಲ್ಲ ಚಾಲಕರಿಗೂ ತಿಳಿಹೇಳುವ ಗೋಜಿಗೆ ಹೋಗಲಿಲ್ಲ. ಸೊಲ್ಲಾಪುರದಿಂದ ಬರುವ ವಯಸ್ಸಾದ ಚಾಲಕನೊಬ್ಬನ ಮಾತನ್ನು ಉಳಿದವರು ಕೇಳುತ್ತಾರೆಂದು ಗಮನಿಸಿ, ಅವನೊಬ್ಬನನ್ನು ಒಲಿಸಿಕೊಂಡಳು. ಅವನು ಬಯಲಿನಲ್ಲಿ ನಿಂತರೆ ಉಳಿದವರೂ ನಿಲ್ಲುತ್ತಿದ್ದರು, ಅವನು ಹೊರಟರೆ ಅವರೂ ಹೊರಡುತ್ತಿದ್ದರು. ಒಳಗೆ ಬಿಡುವಾಗ ಮಾತ್ರ ಪ್ರತಿ ಲಾರಿಯ ಹಿಂದೆ ಹಗ್ಗ ಏರಿಸುತ್ತಿದ್ದಳು. ಕೆಲವು ವಾರ ಓಣಿಯಲ್ಲಿ ಎರಡು ಲಾರಿ ಎದುರುಬದುರಾದದ್ದನ್ನು ನಾನು ಕಾಣಲಿಲ್ಲ.

ಆದರೆ ಓಣಿ ಅವಳನ್ನು ಮಾತಾಡಿಸಲಿಲ್ಲ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ವ್ಯಾಪಾರಿಗಳಿಗೆ ಹಗ್ಗದ ಮೇಲೆ ಸಿಟ್ಟಿತ್ತು, ನಿಜ. ಮಗ್ಗದ ಮನೆಯವರು ಸುಮ್ಮನೆ ಒಳಗಿದ್ದರು. ಮಗ್ಗ ಬಿಟ್ಟು ಬಂದಷ್ಟು ಹೊತ್ತು ಸೀರೆ ಮುಂದೆ ಹೋಗುವುದಿಲ್ಲ. ಹೆಂಗಸರು ನೀರು ಚೆಲ್ಲಲು ಬಂದವರು ಅವಳತ್ತ ನೋಡಿ, ಒಮ್ಮೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಮಧ್ಯಾಹ್ನ ಹಗ್ಗ ಸುತ್ತಿಟ್ಟು ಅವಳು ರಬಕವಿಯ ಕಡೆ ನಡೆದುಹೋಗುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ದಾರಿಯಲ್ಲಿ ಯಾರಾದರೂ ಅವಳನ್ನು ನಿಲ್ಲಿಸಿದ್ದು ಕಾಣಲಿಲ್ಲ.

ಆಗೆಲ್ಲ ಕರೆಂಟು ಹೋಗುತ್ತಿದ್ದದ್ದು ಸಂಜೆಯ ಕಡೆಗೆ. ಅಷ್ಟು ಹೊತ್ತಿಗೆ ಅವಳು ಮನೆ ಸೇರಿರುತ್ತಿದ್ದಳು. ಬೇಸಿಗೆ ಬಂದಂತೆ ಹೊತ್ತು ಬದಲಾಯಿತು. ಒಂದು ಬೆಳಿಗ್ಗೆ ನಾನು ಕಿಟಕಿಯ ಬಳಿ ಕುಳಿತು ಮಹಾಲಿಂಗಪುರದ ಬೆಲ್ಲದ ಮಾರುಕಟ್ಟೆಯ ಸುದ್ದಿ ಬರೆಯುತ್ತಿದ್ದಾಗ ಮಗ್ಗಗಳು ಒಮ್ಮೆಲೇ ನಿಂತವು. ಕಿವಿಗೆ ಏನೋ ಕಳೆದುಕೊಂಡಂತಾಯಿತು. ಕೆಳಗೆ ನೋಡಿದೆ. ಅವಳು ತಲೆಯೆತ್ತಿ ಓಣಿಯ ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದಳು. ಓಣಿ ಖಾಲಿಯಿತ್ತು. ಅವಳು ಈ ಕೆಲಸಕ್ಕೆ ಬಂದ ಮೇಲೆ ಹಾರ್ನ್ ಕೇಳಿಸುವಂಥ ಹೊತ್ತು ಅದೇ ಮೊದಲು. ಅವಳು ಹಗ್ಗ ಇಳಿಸಿ, ಬಯಲಿನತ್ತ ಕೈ ಬೀಸಿದಳು.

ನೇಕಾರರ ಓಣಿಯಲ್ಲಿ ಹುಟ್ಟಿದವರು ಯಾರೂ ಹಾಗೆ ಮಾಡುತ್ತಿರಲಿಲ್ಲ. ಸದ್ದು ನಿಂತರೆ ಇಲ್ಲಿ ದಾರಿ ತೆರೆಯುವುದಿಲ್ಲ, ಮುಚ್ಚುತ್ತದೆ. ಲಾರಿ ಅರ್ಧ ಓಣಿ ಬರುವಷ್ಟರಲ್ಲಿ ಎರಡೂ ಕಡೆಯ ಬಾಗಿಲುಗಳಿಂದ ಜನ ಹೊರಬಂದರು. ಹೊರಸುಗಳು ಬಂದವು, ಅವುಗಳ ಮೇಲೆ ಮುದುಕರು ಬಂದರು. ಹೆಂಗಸರು ನೂಲು ಸುತ್ತುವ ಕಂಡಿಕೆಯ ಬುಟ್ಟಿ ಇಟ್ಟುಕೊಂಡು ಕಟ್ಟೆಗೆ ಕುಳಿತರು. ಒಂದು ಕಡೆ ಇಸ್ಪೀಟು ಶುರುವಾಯಿತು. ಇಬ್ಬರು ಗಂಡಸರು ಮಗ್ಗದ ನೂಲು ಸುತ್ತಿದ ಉದ್ದನೆಯ ಉರುಳೆಯನ್ನು, ಅಂದರೆ ಬೀಮನ್ನು, ಹೊತ್ತು ತಂದು, ಓಣಿಗೆ ಅಡ್ಡಲಾಗಿ ಎರಡು ಸ್ಟೂಲಿನ ಮೇಲಿಟ್ಟು, ಕಡಿದ ಎಳೆಗಳನ್ನು ಬೆಳಕಿನಲ್ಲಿ ಗಂಟುಹಾಕತೊಡಗಿದರು. ಎಳೆ ಬಿಚ್ಚಿದ ಬೀಮನ್ನು ಎತ್ತುವಂತಿಲ್ಲ, ನೆಲಕ್ಕಂತೂ ಇಳಿಸುವಂತೆಯೇ ಇಲ್ಲ. ಲಾರಿ ಅದರ ಮುಂದೆ ನಿಂತಿತು.

ಲಾರಿ ನಡೆಸುತ್ತಿದ್ದವನು ಸೊಲ್ಲಾಪುರದ ಆ ಹಿರಿಯ ಚಾಲಕ. ಏನಾಯಿತೆಂದು ನೋಡಲು ಅವಳು ಹಗ್ಗ ಬಿಟ್ಟು ಒಳಗೆ ಓಡಿದಳು. ಮುಂದಿನವನು ಹೋದನೆಂದು ಅವನ ಹಿಂದಿನವರು, ಇಳಿದಿದ್ದ ಹಗ್ಗ ದಾಟಿ, ಒಬ್ಬರ ಹಿಂದೊಬ್ಬರು ಬಂದೇಬಿಟ್ಟರು. ಕೊನೆಯ ಲಾರಿಯ ಹಿಂಭಾಗ ದೊಡ್ಡ ರಸ್ತೆಯಲ್ಲಿ ಉಳಿಯಿತು. ಅದರ ಹಿಂದೆ ಜಮಖಂಡಿಯ ಬಸ್ಸು, ಬಸ್ಸಿನ ಹಿಂದೆ ಕಾಣುವಷ್ಟು ದೂರ ಆಟೋಗಳು ನಿಂತವು.

ನಾನು ಇಳಿದು ಹೋದಾಗ ಕಂಡಿಕೆಯ ಬುಟ್ಟಿಯ ಮುದುಕಿಯೊಬ್ಬಳು ಅವಳನ್ನು ವಿಚಾರಿಸುತ್ತಿದ್ದಳು.

"ಯಾಕ ಬೇ, ಕರೆಂಟ್ ಹೋದಾಗ ಲಾರಿ ಬಿಟ್ಟಿ? ಇದು ನಮ್ಮ ಪಡಸಾಲಿ."

"ಗೊತ್ತಾಗಲಿಲ್ರಿ. ಸದ್ದು ನಿಂತಿತು, ಹಾದಿ ಖಾಲಿ ಐತಿ ಅಂದ್ಕೊಂಡೆ."

"ಸದ್ದು ನಿಂತ್ರನ ನಾವು ಹೊರಗ ಬರೂದು. ಎಲ್ಲಿಯಾಕಿ ನೀ?"

"ಬೀಳಗಿ ಕಡ್ಯಾಕಿ ರೀ."

"ಕುರಿಯವ್ರೇನು?"

"ಹೌದ್ರಿ. ಬೀರೇಶ್ವರನ ಒಕ್ಕಲು."

ಬೀಮಿನ ಎಳೆ ಕಟ್ಟುತ್ತಿದ್ದವನು ತಲೆಯೆತ್ತದೆ ಹೇಳಿದ. "ಅದಕ್ಕ ನೋಡು, ಲಾರಿ ಹಿಂಡು ಹೊಡ್ಕೊಂಡ ಬಂದಾಳ. ಹಿಂದ ನಾಯಿ ಒಂದ ಕಡಿಮಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ದೊಡ್ಡ ರಸ್ತೆಯಿಂದ ಯಾರೋ ಕೂಗಿದಾಗ ಗಾಬರಿಯಿಂದ ಆ ಕಡೆ ತಿರುಗಿದಳು. ಮುದುಕಿ ಜಾಕೀಟಿನ ಚುಂಗು ಹಿಡಿದು ಹೊರಸಿನ ಮೇಲೆ ಕೂಡಿಸಿದಳು.

"ಕುಂದ್ರು. ಬೀಮು ಕಟ್ಟೂದು ಆಗೂತನಕ ಯಾರೂ ಅಳಗಾಡೂದಿಲ್ಲ. ನೀ ನಿಂತ್ರ ಲಾರಿಗೇನ್ ರೆಕ್ಕಿ ಬರತಾವ?"

ಮಜ್ಜಿಗೆ ಬಂತು. ಯಾವ ಮನೆಯಿಂದ ಬಂತೋ ನೋಡಲಿಲ್ಲ. ಯಾರ ಕೋಣೆ ಹಿಡಿದಿದ್ದೀ, ಊಟ ಎಲ್ಲಿ, ರೊಟ್ಟಿ ನೀನೇ ಬಡಿಯುತ್ತೀಯಾ ಎಂದು ಹೆಂಗಸರು ಒಂದೊಂದಾಗಿ ಕೇಳಿದರು. ಒಬ್ಬಳಿಗೇ ಎಂದು ಒಲೆ ಹಚ್ಚಲು ಬೇಸರವಾಗುತ್ತದೆ ಎಂದಳು. ಹಾಗಾದರೆ ಒಂದು ದಿನ ನಮ್ಮಲ್ಲಿ ಉಣ್ಣು ಎಂದರು. ಚಾಲಕ ಕೆಳಗಿಳಿದು ಇಸ್ಪೀಟಿನವರ ಹಿಂದೆ ನಿಂತಿದ್ದ. ಅಷ್ಟು ಹೊತ್ತು ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನನ್ನೂ ಯಾರೋ ಕಟ್ಟೆಯ ಮೇಲೆ ಸರಿದು ಕೂಡಿಸಿದರು. ಮೇಲೆ ಇರುವವರು ಇವರೇ ಅಲ್ಲವೇ ಎಂದು ತಮ್ಮತಮ್ಮಲ್ಲಿ ಕೇಳಿಕೊಂಡರು.

ಮುದುಕಿ ಅವಳ ಕಡೆ ಬಾಗಿ, "ಮಕ್ಕಳು ಮರಿ ಏನಾರ..." ಎಂದು ಕೇಳುತ್ತಿದ್ದಾಗಲೇ ಕರೆಂಟು ಬಂತು. ಮಗ್ಗಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತಿಕೊಂಡಂತೆ ಶುರುವಾದವು. ಬುಟ್ಟಿಗಳು ಎದ್ದವು, ಹೊರಸುಗಳು ಒಳಗೆ ಹೋದವು. ಕೊನೆಯ ಎಳೆ ಕಟ್ಟಿ ಬೀಮನ್ನು ಹೊತ್ತುಕೊಂಡು ಹೋದರು. ಅವಳು ಉತ್ತರ ಹೇಳಲು ತೆರೆದಿದ್ದ ಬಾಯನ್ನು ಮುಚ್ಚಿ, ಎದ್ದು ಲಾರಿಯ ಮುಂದೆ ನಡೆದಳು.

ಮರುದಿನವೇ ವ್ಯಾಪಾರಿಗಳು ದೂರು ಕೊಟ್ಟರು. ವ್ಯವಸ್ಥೆ ಕೈಬಿಡಬೇಕು, ಲಾರಿಗಳನ್ನು ಮೊದಲಿನಂತೆ ಬಿಡಬೇಕು ಎಂಬುದು ಅವರ ಬೇಡಿಕೆ. ಅಧಿಕಾರಿ ಸ್ಥಳಕ್ಕೇ ಬಂದು ತೀರ್ಮಾನಿಸುವುದಾಗಿ ಹೇಳಿದರು. ಚಹಾದ ಗಾಡಿಯ ಬಳಿ ಅವಳು ಕೇಳಿದಳು.

"ನೀವು ಪೇಪರಿನ್ಯಾಗ ಬರದೀರಂತ?"

"ಬರದೇನಿ. ಸಂಚಾರ ನಿಂತಿತ್ತು ಅಂತ."

"ನನ್ನಿಂದ ಅಂತ?"

"ಕರೆಂಟ್ ಹೋದ ಹೊತ್ತಿನ್ಯಾಗ ಲಾರಿ ಬಿಟ್ಟಿದ್ದಕ್ಕ ಅಂತ."

"ಅಂದ್ರ ನನ್ನಿಂದನ ಆತಲ್ರಿ." ಅವಳಿಗೆ ಅದರಲ್ಲಿ ತಕರಾರಿರಲಿಲ್ಲ. "ಕೋಲಿ ಕೊಟ್ಟಾಕಿಗೆ ಹೇಳಬೇಕು. ಬಿಡೂದಾದ್ರ ಮೊದಲ ತಿಳಸು ಅಂದಾಳ."

ಅಧಿಕಾರಿ ಬಂದ ದಿನ ಕರೆಂಟು ಇತ್ತು. ಆದ್ದರಿಂದ ಓಣಿಯಿಂದ ಯಾರೂ ಬರಲಿಲ್ಲ. ಮಜ್ಜಿಗೆ ಕೊಟ್ಟವರು, ಊಟಕ್ಕೆ ಕರೆದವರು ಎಲ್ಲ ಮಗ್ಗದ ಮುಂದಿದ್ದರು. ಹಗ್ಗದ ಸುತ್ತ ನಿಂತವರು ದೂರು ಕೊಟ್ಟವರು ಮಾತ್ರ. ಎಲ್ಲರೂ ಸದ್ದಿಗೆ ಮೀರಿ ಮಾತಾಡಬೇಕಾಗಿದ್ದರಿಂದ ಸಾಮಾನ್ಯ ಮಾತೂ ಜಗಳದಂತೆ ಕೇಳಿಸುತ್ತಿತ್ತು. ಅಧಿಕಾರಿ ಅವಳನ್ನು ಕೇಳಿದರು. ಅವಳು, "ತಪ್ಪಾತ್ರಿ. ಕರೆಂಟ್ ಹೋದ್ರ ಬಿಡಬಾರದಂತ ಗೊತ್ತಿರಲಿಲ್ಲ. ಈಗ ಗೊತ್ತಾಗೇತಿ" ಎಂದಳು. ಹಗ್ಗ ಅವಳ ಕೈಯಲ್ಲೇ ಇತ್ತು.

ಆಗ ಮಾತಾಡಿದವರು ನನ್ನ ಎದುರಿನ ಅಂಗಡಿಯ ಸಾವಕಾರರು. ದೂರಿನಲ್ಲಿ ಅವರ ಸಹಿಯೂ ಇತ್ತು.

"ಸಾಹೇಬ್ರ, ಹಗ್ಗ ತಗೀರಿ ಅಂದ್ರ ನೀವು ತಗ್ಯಾವ್ರಲ್ಲ. ಈಕಿನ್ನ ತಗದು ಇನ್ನೊಬ್ಬಾಕಿನ್ನ ತಂದು ನಿಂದ್ರಸ್ತೀರಿ. ಆಕಿ ಬಂದಾಕಿ ಮತ್ತ ಒಮ್ಮಿ ಹಿಂಗ ಲಾರಿ ಸಿಗಿಸಿ ಕಲೀಬೇಕು. ಈಕಿ ಕಲತ ಮುಗಿಸ್ಯಾಳ. ಇರಲಿ ಬಿಡ್ರಿ."

ಅದರಲ್ಲಿ ಕರುಣೆಯೇನೂ ಇರಲಿಲ್ಲ, ವ್ಯಾಪಾರಿಯ ಲೆಕ್ಕಾಚಾರವಿತ್ತು. ಉಳಿದವರಿಗೂ ಅದು ಒಪ್ಪಿಗೆಯಾಯಿತು. ಅಧಿಕಾರಿ ವ್ಯವಸ್ಥೆ ಮುಂದುವರಿಸಿದರು, ಒಂದು ಷರತ್ತು ಸೇರಿಸಿದರು. ಕರೆಂಟು ಇಲ್ಲದ ಹೊತ್ತು ಒಂದೂ ಲಾರಿ ಒಳಗೆ ಬರಕೂಡದು, ಆ ಹೊತ್ತಿನಲ್ಲಿ ಅವಳು ಹಗ್ಗ ಬಿಟ್ಟು ಒಂದು ಹೆಜ್ಜೆಯೂ ಒಳಗೆ ಹೋಗಕೂಡದು.

"ಆತ್ರಿ" ಎಂದಳು. ಕೆಲಸ ಉಳಿಯಿತು, ಕೋಣೆಯೂ ಉಳಿಯಿತು. ಆ ಷರತ್ತಿನ ಭಾರ ಅಲ್ಲಿ ನಿಂತಿದ್ದ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮುಂದಿನ ಸಲ ಕರೆಂಟು ಹೋದಾಗ ನಾನು ಚಹಾದ ಗಾಡಿಯ ಬಳಿಯೇ ಇದ್ದೆ. ಮಗ್ಗ ನಿಂತವು, ಓಣಿ ತುಂಬಿತು. ಮುದುಕಿ ಬುಟ್ಟಿ ಹಿಡಿದು ಬಂದು ಅದೇ ಕಟ್ಟೆಗೆ ಕುಳಿತು, ಹೊರಸಿನ ಖಾಲಿ ಜಾಗ ತೋರಿಸಿ ಕರೆದಳು. ಅವಳು ಹಗ್ಗ ತೋರಿಸಿ ತಲೆಯಲ್ಲಾಡಿಸಿದಳು. ಮುದುಕಿ ಇನ್ನೊಮ್ಮೆ ಕರೆದು, ಪಕ್ಕದವಳ ಮಾತಿಗೆ ತಿರುಗಿದಳು. ಖಾಲಿ ಜಾಗದಲ್ಲಿ ಬೇರೆ ಯಾರೋ ಕುಳಿತರು. ಓಣಿ ಮಾತಾಡುವ ಹೊತ್ತು ಅದೊಂದೇ. ಆ ಹೊತ್ತಿನಲ್ಲಿ ಅವಳು ಓಣಿಗೆ ಬೆನ್ನು ಹಾಕಿ, ಲಾರಿಗಳ ಕಡೆ ಮುಖ ಮಾಡಿ ನಿಲ್ಲಬೇಕಾಗಿತ್ತು.

ಸೊಲ್ಲಾಪುರದ ಚಾಲಕ ಸರದಿಯಲ್ಲಿ ಮೊದಲಿನವನಾಗಿ, ಹಗ್ಗದ ಹತ್ತಿರವೇ ಲಾರಿ ನಿಲ್ಲಿಸಿಕೊಂಡು, ಕಿಟಕಿಯಿಂದ ಮೊಣಕೈ ಹೊರಗಿಟ್ಟಿದ್ದ.

"ಅಕ್ಕಾರ, ಎಲ್ಲಾರೂ ಹರಟಿ ಹೊಡ್ಯಾಕತ್ತಾರ. ನೀವೂ ಹೋಗಿ ಕುಂದರ್ರಿ. ನಾ ಎಲ್ಲಿ ಓಡಿ ಹೋಗಲಿ?"

"ನೀವು ಓಡಿ ಹೋಗಾವ್ರಲ್ಲ, ಒಳಗ ಬರಾವ್ರು. ಅದ ತ್ರಾಸು."

"ನನ್ನ ಮ್ಯಾಲ ವಿಶ್ವಾಸ ಇಲ್ಲೇನು?"

"ನಿಮ್ಮ ಮ್ಯಾಲ ಐತ್ರಿ. ನಿಮ್ಮ ಹಿಂದ ಇದ್ದಾವ್ರ ಮ್ಯಾಲ ಇಲ್ಲ."

ಅವನು ನಕ್ಕು ಸೀಟಿಗೆ ಒರಗಿ ಕಣ್ಣು ಮುಚ್ಚಿದ. ಹಿಂದಿನಿಂದ ನಗುವೊಂದು ಅಲೆಯಾಗಿ ಬಂತು, ಇಸ್ಪೀಟಿನವರ ಕಡೆಯದಿರಬೇಕು. ಅವಳು ತಿರುಗಲಿಲ್ಲ. ನಾನು ಇನ್ನೊಂದು ಚಹಾ ಹೇಳಿ ಅವಳಿಗೆ ಕೊಟ್ಟೆ. ಒಂದು ಕೈಯಲ್ಲಿ ಹಗ್ಗ ಹಿಡಿದೇ ಕುಡಿದಳು.

ಕರೆಂಟು ಬಂತು. ಬಾಗಿಲುಗಳು ಜನರನ್ನು ಒಳಗೆ ಎಳೆದುಕೊಂಡವು. ಆಗ ಅವಳು ತಿರುಗಿ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಯಾರೂ ಉಳಿದಿರಲಿಲ್ಲ. ಹಗ್ಗ ಇಳಿಸಿ, ಚಾಲಕನನ್ನು ಎಬ್ಬಿಸಲು ಲಾರಿಯ ಬಾಗಿಲನ್ನು ಅಂಗೈಯಿಂದ ತಟ್ಟಿದಳು.