ಮಾನಮಿಯ ಆಡು, ಯುಗಾದಿಯ ಆಡು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎರಡು ಸದ್ದುಗಳಿಗೆ ಬೆಳಗಾಗುತ್ತಿತ್ತು. ಒಂದು, ಹಟ್ಟಿಯ ಚಿನ್ನದ ಗಣಿಯ ಭೋಂಗಾ. ಇನ್ನೊಂದು, ಅವ್ವ ಆಡು ಹಿಂಡುವಾಗ ಹಿತ್ತಾಳೆ ಚಂಬಿಗೆ ಬೀಳುವ ಹಾಲಿನ ಸದ್ದು. ಭೋಂಗಾ ಕೂಗಿದರೆ ಅಪ್ಪ ಎದ್ದು ಗಣಿ ಕೆಲಸಕ್ಕೆ ಹೊರಡುತ್ತಿದ್ದ. ಹಾಲಿನ ಸದ್ದಿಗೆ ನಾನು ಏಳುತ್ತಿದ್ದೆ, ಯಾಕೆಂದರೆ ಚಂಬಿನ ಬಾಯಿಗೆ ಮೆತ್ತಿದ ನೊರೆ ನನ್ನ ಪಾಲಿನದು. ಬೆಚ್ಚಗಿನ ಆ ನೊರೆಯಲ್ಲಿ ಜಾಲಿಕಾಯಿಯ ಒಗರು ವಾಸನೆ ಇರುತ್ತಿತ್ತು. ಆಡಿನ ಹಾಲೆಂದರೆ ಮೂಗು ಮುಚ್ಚಿಕೊಂಡು ಓಡುವ ಮೊಮ್ಮಕ್ಕಳು ನೀವು, ನಿಮಗೆ ಅದರ ರುಚಿ ಹೇಳಿ ಏನು ಪ್ರಯೋಜನ, ಬಿಡಿ.

ನಮ್ಮ ಊರು ಹಟ್ಟಿಯಿಂದ ಒಂದು ಹರದಾರಿ. ಊರಲ್ಲಿ ಎಲ್ಲರ ಮನೆಯಲ್ಲೂ ಆಡುಗಳಿದ್ದವು. ಆದರೆ ಅವರೆಲ್ಲ ಮರಿ ಬೆಳೆಸಿ ಸಂತೆಯಲ್ಲಿ ಮಾರುವವರು. ಹಾಲನ್ನು ಮರಿಗಳಿಗೇ ಬಿಡುತ್ತಿದ್ದರು. ಹಾಲಿಗೆಂದು ಆಡು ಸಾಕಿದವಳು ನಮ್ಮ ಅವ್ವ ಒಬ್ಬಳೇ. ನಾಲ್ಕು ಆಡು, ಒಂದು ಗಂಡು ಹೋತ. ಆಡು ಮುಟ್ಟದ ಸೊಪ್ಪಿಲ್ಲವಲ್ಲ, ಹಾಗಾಗಿ ಅದರ ಹಾಲಿನಲ್ಲಿ ಎಲ್ಲ ಔಷಧವೂ ಇದೆ ಎಂದು ಅವ್ವ ನಂಬಿದ್ದಳು. ಹಟ್ಟಿಯಲ್ಲಿ ಗಣಿಯ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆಗಳಿದ್ದವು. ಅವಕ್ಕೆ ಲೈನ್ ಎನ್ನುತ್ತಿದ್ದರು. ಆ ಲೈನಿನಲ್ಲಿ ಇಬ್ಬರು ನಮ್ಮ ಹಾಲಿಗೆ ದಿನವೂ ಕಾಯುತ್ತಿದ್ದರು. ಒಬ್ಬ ಕೆಮ್ಮಿನ ಮುದುಕ, ಮತ್ತೆ ಒಂದು ಕೂಸು.

ಹಾಲು ಮಾರುವುದು ಏನು ಮಹಾ ಎಂದುಕೊಳ್ಳಬೇಡಿ. ಈದ ಮೇಲೆ ಆಡು ಐದಾರು ತಿಂಗಳು ಹಾಲು ಕೊಡುತ್ತದೆ, ಆಮೇಲೆ ಬತ್ತುತ್ತದೆ. ನಾಲ್ಕೂ ಒಟ್ಟಿಗೆ ಈದರೆ ಇಡಲು ಪಾತ್ರೆ ಇಲ್ಲ. ನಾಲ್ಕೂ ಒಟ್ಟಿಗೆ ಬತ್ತಿದರೆ ಕೊಡಲು ತೊಟ್ಟು ಹಾಲಿಲ್ಲ. ಕುಡಿಯುವ ಬಾಯಿ ಮಾತ್ರ ದಿನವೂ ಅಷ್ಟೇ ಕೇಳುತ್ತದೆ. ಅದಕ್ಕಾಗಿ ಅವ್ವ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಎರಡು ಆಡು ಮಹಾನವಮಿಗೆ ಈಯಬೇಕು, ಇನ್ನೆರಡು ಯುಗಾದಿಗೆ. ಆ ಎರಡು ಬತ್ತುವ ಹೊತ್ತಿಗೆ ಈ ಎರಡು ಹಾಲಿಗೆ ಬರಬೇಕು. ನಾವು ಅವುಗಳನ್ನು ಹಾಗೇ ಕರೆಯುತ್ತಿದ್ದೆವು, ಮಾನಮಿ ಆಡು, ಯುಗಾದಿ ಆಡು ಎಂದು.

ಈ ಕಟ್ಟಳೆ ನಿಂತಿದ್ದದ್ದು ಒಂದು ತುಂಡು ಗೋಣಿಯ ಮೇಲೆ. ಹೋತನ ಹೊಟ್ಟೆಯ ಕೆಳಗೆ ಅಂಗೈ ಎರಡರಷ್ಟು ಅಗಲದ ಗೋಣಿಯನ್ನು ಇಳಿಬಿಟ್ಟು, ಬೆನ್ನ ಮೇಲೆ ಹಗ್ಗದಿಂದ ಕಟ್ಟುತ್ತಿದ್ದರು. ಗೋಣಿ ಇದ್ದಷ್ಟು ದಿನ ಹೋತ ಆಡುಗಳ ಜೊತೆ ಮೇಯ್ದರೂ ಯಾವ ಆಡೂ ಗಬ್ಬವಾಗುತ್ತಿರಲಿಲ್ಲ. ಯಾವಾಗ ಗಬ್ಬವಾಗಬೇಕೋ ಆಗ ಮಾತ್ರ ಅವ್ವ ತನ್ನ ಕೈಯಾರೆ ಗೋಣಿ ಬಿಚ್ಚಿ, ಬೇಡದ ಆಡುಗಳನ್ನು ಬೇರೆ ಕಟ್ಟುತ್ತಿದ್ದಳು. ಆ ಗಂಟನ್ನು ಅಪ್ಪ ಕೂಡ ಮುಟ್ಟುವ ಹಾಗಿರಲಿಲ್ಲ.

ನಾನು ಮುಟ್ಟಿದೆ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಸಜ್ಜೆ ರೊಟ್ಟಿ ತಿಂದು, ಆಡು ಮೇಯಿಸುತ್ತ ಗುಡ್ಡದ ಕಡೆ ಹೋಗಿದ್ದೆ. ಹೋತ ಮೇಯದೆ ಒಂದು ಬಂಡೆಗೆ ಹೊಟ್ಟೆ ಉಜ್ಜುತ್ತ ನಿಂತಿತ್ತು. ಬಗ್ಗಿ ನೋಡಿದರೆ ಗೋಣಿ ತಿಕ್ಕಿ ತಿಕ್ಕಿ ಹೊಟ್ಟೆಯ ಚರ್ಮ ಸುಲಿದು ಕೆಂಪಗಾಗಿತ್ತು, ನೊಣ ಮುತ್ತಿದ್ದವು. ನನಗೆ ಅಳು ಬಂತು. ಗೋಣಿ ಬಿಚ್ಚಿದೆ. ಮರುದಿನದಿಂದ ಬಟ್ಟಲಲ್ಲಿ ಬೇವಿನೆಣ್ಣೆ ಕದ್ದೊಯ್ದು ಹಚ್ಚಿದೆ. ಗುಡ್ಡ ತಲುಪಿದ ಕೂಡಲೇ ಬಿಚ್ಚುವುದು, ಸಂಜೆ ಊರು ಕಾಣುವ ಮೊದಲು ಕಟ್ಟುವುದು. ಹದಿನೈದು ದಿನ ಹೀಗೇ ಮಾಡಿದೆ. ಗಾಯ ಮಾಯಿತು, ಹೋತ ನನ್ನ ಕೈ ನೆಕ್ಕಿತು. ನಾನು ದೊಡ್ಡ ಪುಣ್ಯವಂತೆ ಎಂದು ನನಗೆ ನಾನೇ ಬೀಗಿದೆ. ಗೋಣಿ ಯಾಕೆ ಕಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಾರೆ. ಗೊತ್ತಿತ್ತು. ಬರೀ ಹಗಲು ಹೊತ್ತು ಬಿಚ್ಚಿದರೆ ಏನಾಗುತ್ತದೆ ಎಂದುಕೊಂಡೆ.

ಇನ್ನು ಆ ಕೂಸಿನ ಸಂಗತಿ. ಅದು ಹುಟ್ಟಿದ್ದು ಮಾನಮಿ ಆಡುಗಳು ಈದ ವಾರದಲ್ಲೇ. ಹೆತ್ತ ತಾಯಿ ಮೂರನೆಯ ದಿನಕ್ಕೆ ತೀರಿಕೊಂಡಳು. ಅದರ ತಂದೆ ಅಪ್ಪನ ಪಾಳಿಯಲ್ಲೇ ಗಣಿಗೆ ಇಳಿಯುವವನು, ಕರ್ನೂಲು ಕಡೆಯಿಂದ ಕೆಲಸಕ್ಕೆ ಬಂದವನು. ಕೂಸನ್ನು ಅಜ್ಜಿ ಸಾಕುತ್ತಿದ್ದಳು. ಎಮ್ಮೆ ಹಾಲು ಹಾಕಿದರೆ ಅದಕ್ಕೆ ಭೇದಿ ಆಗುತ್ತಿತ್ತು. ನಮ್ಮ ಆಡಿನ ಹಾಲು ಒಂದೇ ಹಿಡಿಸುತ್ತಿದ್ದದ್ದು. ಹಾಲಿನ ಪುಡಿಯ ಡಬ್ಬಿ ಆಗ ನಮ್ಮ ಕಡೆಯ ಅಂಗಡಿಗಳಲ್ಲಿ ಕಾಣುತ್ತಿರಲಿಲ್ಲ. ಅವ್ವ ಹಾಲಿನ ಜೊತೆಗೆ ನಮ್ಮ ಮನೆಯ ಒಳಲೆಯನ್ನೂ ಕೊಟ್ಟಿದ್ದಳು. ಒಳಲೆ ಎಂದರೆ ಮೂತಿ ಚೂಪಾದ ಹಿತ್ತಾಳೆಯ ಪುಟ್ಟ ಬಟ್ಟಲು. ಕೂಸಿನ ಬಾಯಿಗೆ ಸಣ್ಣಗೆ ಹಾಲು ಬಿಡುವುದಕ್ಕೆ. ನಾನು ಕುಡಿದದ್ದೂ ಅದರಲ್ಲೇ. ನಮ್ಮಲ್ಲಿ ಒಳಲೆಯನ್ನು ಕಡ ಒಯ್ದವರು ಕೂಸು ರೊಟ್ಟಿ ತಿನ್ನಲು ಕಲಿತ ದಿನ ಅದನ್ನು ತಿರುಗಿ ತರುತ್ತಿದ್ದರು, ಬರಿದಾಗಿ ಅಲ್ಲ, ಬೆಲ್ಲ ತುಂಬಿಕೊಂಡು.

ಶಿವರಾತ್ರಿಗೆ ಮೊದಲೇ ಹಾಲು ಕಡಿಮೆಯಾಗತೊಡಗಿತು. ಬಿಸಿಲಿಗೆ ಮೇವು ಒಣಗಿದೆ, ಅದಕ್ಕೇ ಎಂದು ಅವ್ವ ಹತ್ತಿಕಾಳು ನೆನೆಸಿ ತಿನ್ನಿಸಿದಳು. ಮುದುಕನಿಗೆ ಕೈಮುಗಿದು ಹಾಲು ನಿಲ್ಲಿಸಿದಳು. ನನ್ನ ನೊರೆಯೂ ಕೂಸಿನ ಪಾಲಿಗೆ ಹೋಯಿತು. ಆಮೇಲೆ ಆ ದಿನ ಬಂತು.

ಅವತ್ತು ಹಾಲಿನ ಸದ್ದೇ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದರೆ ಎರಡೂ ಮಾನಮಿ ಆಡುಗಳನ್ನು ಹಿಂಡಿದ ಮೇಲೂ ಚಂಬಿನಲ್ಲಿ ಒಂದು ಅಂಗೈಯಷ್ಟು ಹಾಲು. ಅವ್ವ ಆಡಿನ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಮೆಲ್ಲಗೆ ಎತ್ತಿ ನೋಡಿದಳು. ಇನ್ನೊಂದನ್ನೂ ನೋಡಿದಳು. ಆಮೇಲೆ ಎದ್ದು ಹೋತನ ಹತ್ತಿರ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೇವಿನೆಣ್ಣೆ ಹಚ್ಚಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ, ಎಣ್ಣೆ ಹಚ್ಚಿ ಎರಡು ತಿಂಗಳಾಗಿತ್ತು.

“ಈ ಗಂಟು ನಂದಲ್ಲ,” ಎಂದಳು ಅವ್ವ.

ಎರಡೂ ಮಾನಮಿ ಆಡುಗಳು ಗಬ್ಬವಾಗಿದ್ದವು. ಹಾಲು ಕೊಡುವ ಆಡು ಗಬ್ಬವಾದರೆ ತಿಂದದ್ದೆಲ್ಲ ಹೊಟ್ಟೆಯ ಮರಿಗೆ ಹೋಗುತ್ತದೆ, ಕೆಚ್ಚಲು ಬತ್ತುತ್ತದೆ. ಯುಗಾದಿ ಆಡುಗಳು ಈಯಲು ಇನ್ನೂ ಒಂದು ತಿಂಗಳಿತ್ತು. ಅವ್ವ ಹಾಲಿನ ಮೇಲೆ ಒದ್ದೆ ಅರಿವೆ ಮುಚ್ಚಿ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಗಣಿಯ ಬೂದಿಬಣ್ಣದ ಮಣ್ಣಿನ ದಿಬ್ಬ ದಾಟಿ ಲೈನ್ ತಲುಪಿದೆವು.

ಲೈನಿನ ಅಜ್ಜಿ ಒಳಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೂಸು ಅವಳ ಹೆಗಲ ಮೇಲೆ ಸೀರೆಯ ಅಂಚು ಚೀಪುತ್ತಿತ್ತು. ಅವ್ವ ಚಂಬು ಬಗ್ಗಿಸಿ ತೋರಿಸಿದಳು.

“ಇಷ್ಟ ಐತ್ರೀ ಇವತ್ತು. ನಾಳೆ ಇದೂ ಇರ್ತೈತೋ ಇಲ್ಲೋ. ಆಡು ಗಬ್ಬ ಆಗ್ಯಾವ.”

“ಯುಗಾದಿಗೆ ಇನ್ನಾ ಎಷ್ಟ ದಿನ ಐತಮ್ಮಾ?” ಎಂದಳು ಅಜ್ಜಿ.

“ಒಂದು ತಿಂಗಳ ಐತ್ರೀ.”

ಅಜ್ಜಿ ಚಂಬನ್ನು ನೋಡಿದಳು, ಕೂಸನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ಎಮ್ಮಿ ಹಾಲಿಗೆ ನೀರು ಹಾಕಿ ನೋಡ್ತೀನಮ್ಮಾ, ಏನ್ ಮಾಡೋದು,” ಎಂದಷ್ಟೇ ಹೇಳಿ, ಇದ್ದ ಹಾಲನ್ನು ಒಂದು ಹನಿ ಚೆಲ್ಲದೆ ಬಗ್ಗಿಸಿಕೊಂಡಳು.

ನಮ್ಮೂರಿನ ಆಡುಗಳೆಲ್ಲ ಆ ಹೊತ್ತಿಗೆ ಬತ್ತಿದ್ದವು, ಹಾಗಾಗಿ ಅವ್ವ ಅಲ್ಲಿಂದಲೇ ಹಾಲಿನ ಆಡು ಹುಡುಕಲು ಹೊರಟಳು. ನನ್ನನ್ನು ಊರಿಗೆ ಕಳಿಸಿದಳು. ಲಿಂಗಸೂಗೂರಿನ ಸಂತೆಯಲ್ಲಿ ಸಿಗಲಿಲ್ಲ. ಬೇಸಗೆಯ ಹೊಸ್ತಿಲಲ್ಲಿ ಹಾಲಿನ ಆಡನ್ನು ಯಾರೂ ಮಾರುವುದಿಲ್ಲ. ಅಲ್ಲಿಂದ ಮಸ್ಕಿಗೆ, ದೂರದ ನೆಂಟರ ಮನೆಗೆ ಹೋದಳು. ನಾಲ್ಕನೆಯ ದಿನ ಬೆಳಿಗ್ಗೆ, ಕಾಲೆಲ್ಲ ಧೂಳು ಮಾಡಿಕೊಂಡು, ಒಂದು ಕಪ್ಪು ಆಡನ್ನು ಎರವಲು ಹಿಡಿದುಕೊಂಡು ಬಂದಳು. ಅಂಗಳದಲ್ಲಿ ಕುಳಿತು ಹಿಂಡಿದಳು. ಚಂಬು ತುಂಬ ಹಾಲು, ಮೇಲೆ ನೊರೆ. ಆ ಸದ್ದು ಕೇಳಿ ನನ್ನ ಎದೆಯ ಭಾರ ಇಳಿಯಿತು. ನಾವಿಬ್ಬರೂ ಓಡುವ ಹಾಗೆ ನಡೆದೆವು.

ಲೈನಿನ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದು ಹೇಳಿದಳು. “ಕೂಸಿಗೆ ಮೂರು ದಿನದಿಂದ ಭೇದಿ. ದವಾಖಾನಿಗೆ ಒಯ್ದ್ರು, ನಿಲ್ಲಲಿಲ್ಲ. ನಿನ್ನೆ ಬಸ್ಸಿಗೆ ತಮ್ಮ ಊರಿಗೆ ಕರ್ಕೊಂಡು ಹೋಗ್ಯಾರ. ಕಣ್ಣು ಒಳಗ ಹೋಗಿದ್ವು, ಪಾಪ.”

ಅವ್ವ ತುಂಬಿದ ಚಂಬನ್ನು ಎರಡೂ ಕೈಯಲ್ಲಿ ಹಿಡಿದು ಆ ಬೀಗದ ಮುಂದೆ ನಿಂತಳು. ಕೂಸು ಇದ್ದಾಗ ಅದರ ಬಾಯಿಗೆ ಸಾಲದ ಹಾಲು ಈಗ ಚಂಬಿನ ತುಂಬ ಇತ್ತು, ಕುಡಿಯುವ ಬಾಯಿ ಇರಲಿಲ್ಲ. ಕೊನೆಗೆ ಅದನ್ನು ಕೆಮ್ಮಿನ ಮುದುಕನ ಮನೆಗೆ ಕೊಟ್ಟಳು.

ತಿರುಗಿ ಬರುವಾಗ ದಿಬ್ಬದ ಹತ್ತಿರ ನಾನು ಕೂತುಬಿಟ್ಟೆ. ಅಳುತ್ತ ಎಲ್ಲ ಹೇಳಿದೆ, ಗಾಯ, ನೊಣ, ಎಣ್ಣೆ, ಹದಿನೈದು ದಿನ. ಅವ್ವ ಹೊಡೆಯುತ್ತಾಳೆ ಎಂದು ಕಾದೆ.

“ಬಿಚ್ಚಿದ್ದಕ್ಕ ನಾ ಏನೂ ಅನ್ನಂಗಿಲ್ಲ ಬೇ,” ಎಂದಳು. “ಗಾಯ ನಾನ ನೋಡಬೇಕಿತ್ತು, ನೋಡಲಿಲ್ಲ. ಆದ್ರ ಬಿಚ್ಚಿದ ದಿನಾನ ಹೇಳಿದ್ದಿ ಅಂದ್ರ ನನಗ ಎರಡು ತಿಂಗಳ ಸಿಗತಿತ್ತು. ಆಗ ಹಾಲಿನ ಆಡು ಬೇಕಾದಷ್ಟು ಇದ್ವು. ಒಂದು ಹಿಡ್ಕೊಂಡು ಬರ್ತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಕೂಸಿನ ತಂದೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಅಪ್ಪ ಪಾಳಿಯಲ್ಲಿ ಎಲ್ಲರನ್ನೂ ಕೇಳಿದ, ಯಾರಿಗೂ ಸುದ್ದಿ ಇರಲಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಯುಗಾದಿಗೆ ಎರಡು ಆಡು ಈದವು, ಎರಡು ತಿಂಗಳಿಗೆ ಮಾನಮಿ ಆಡುಗಳೂ ಈದವು. ಮನೆಯ ತುಂಬ ಹಾಲು. ಕಾಸಿದೆವು, ಹೆಪ್ಪು ಹಾಕಿದೆವು, ಊರ ನಾಯಿಗಳಿಗೂ ಎರೆದೆವು. ನನ್ನ ಪಾಲಿನ ನೊರೆ ಮತ್ತೆ ಸಿಕ್ಕಿತು, ನಾನು ಕುಡಿಯಲಿಲ್ಲ.

ಅವ್ವ ಮಾತ್ರ ಆಗಾಗ ಅನ್ನುತ್ತಿದ್ದಳು, “ಒಳಲಿ ತಿರುಗಿ ಬಂದಿಲ್ಲ ನೋಡು. ಅಂದ್ರ ಕೂಸು ಇನ್ನಾ ಕುಡಿಯಾಕತ್ತೈತಿ.” ನಾನೂ ಅದನ್ನೇ ನಂಬಿಕೊಂಡೆ. ಮುಂದಿನ ಮಹಾನವಮಿ ಬಂತು. ಆ ಹೊತ್ತಿಗೆ ಕೂಸು ರೊಟ್ಟಿ ಮುರಿದು ತಿನ್ನಬೇಕಿತ್ತು. ಯಾರಾದರೂ ಬೆಲ್ಲ ತುಂಬಿದ ಒಳಲೆ ಹಿಡಿದು ಬಾಗಿಲಿಗೆ ಬರುತ್ತಾರೆಂದು ಕಾದೆವು. ಯಾರೂ ಬರಲಿಲ್ಲ. ದೂರದ ಊರು, ಒಂದು ಬಟ್ಟಲಿಗಾಗಿ ಯಾರು ಬರುತ್ತಾರೆ ಎಂದ ಅಪ್ಪ. ಇರಬಹುದು. ಆದರೆ ಅವ್ವ ಆ ಮಾತು ಆಡುವುದನ್ನು ಬಿಟ್ಟಳು.

ಈಗ ಇಲ್ಲಿ ಸಾಲಗುಂದದಲ್ಲಿ ನಿಮ್ಮಪ್ಪ ನಲವತ್ತು ಆಡು ಸಾಕಿದ್ದಾನೆ. ಒಂದೊಂದರ ಕಿವಿಗೂ ಬಣ್ಣದ ಬಿಲ್ಲೆ, ಯಾವುದು ಯಾವಾಗ ಈಯುತ್ತದೆ ಎಂಬುದು ಅವನ ಫೋನಿನಲ್ಲಿ. ಹೋತನಿಗೆ ಗೋಣಿ ಕಟ್ಟುವುದಿಲ್ಲ. ಕಬ್ಬಿಣದ ಗೇಟಿನ ಬೇರೆ ಮನೆಯೇ ಇದೆ. ಹೆಚ್ಚಾದ ಹಾಲು ಫ್ರೀಜರಿಗೆ ಹೋಗುತ್ತದೆ. ಜ್ವರದ ಕಾಲ ಬಂದರೆ ಬಳಗಾನೂರಿನಿಂದಲೂ ಮೋಟರ್ ಸೈಕಲ್ ಮೇಲೆ ಬಂದು ಸಾಲು ನಿಲ್ಲುತ್ತಾರೆ. ಸಾಲದಿದ್ದರೆ ನಿಮ್ಮಪ್ಪ ‘ನಾಳೆ ಹಾಲಿಲ್ಲ’ ಎಂದು ಫೋನಿನಲ್ಲೇ ಎಲ್ಲರಿಗೂ ತಿಳಿಸುತ್ತಾನೆ. ಅವರು ಸಿಂಧನೂರಿನ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬಿ ತರುತ್ತಾರೆ. ಯಾರ ಬಾಗಿಲಲ್ಲೂ ಬರಿಯ ಚಂಬು ಹಿಡಿದು ನಿಲ್ಲಬೇಕಾಗಿಲ್ಲ. ಒಳ್ಳೆಯದೇ ಆಯಿತು. ಆದರೂ ಅವನು ಹಾಗೆ ತಿಳಿಸಿದಾಗಲೆಲ್ಲ “ಅವರ ಮನ್ಯಾಗ ಕೂಸು ಐತೇನು, ಕೇಳಿದೇನು?” ಎಂದು ನಾನು ಕೇಳುತ್ತೇನೆ. ಅಜ್ಜಿಗೆ ಅರವತ್ತಕ್ಕೆ ಅರಳುಮರಳು ಎಂದು ನೀವು ನಗುತ್ತೀರಿ. ಸಂಜೆ ನಾನು ಹೋಗಿ ಹೋತನ ಗೇಟಿನ ಚಿಲಕ ಎರಡು ಸಲ ಎಳೆದು ನೋಡುವುದಕ್ಕೂ ನಗುತ್ತೀರಿ.

ನಿನ್ನೆ ನಿಮ್ಮಲ್ಲಿ ಚಿಕ್ಕವಳು ಆ ಗೇಟಿಗೆ ಮುಖ ಒತ್ತಿಕೊಂಡು “ಪಾಪ, ಒಂದೇ ಐತಿ, ಸ್ವಲ್ಪ ಹೊತ್ತು ಬಿಡ್ಲೇನಜ್ಜಿ?” ಎಂದಳಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದೆ. ಪಾಪ ಅನ್ನಿಸುವುದು ತಪ್ಪಲ್ಲ ಮಗಳೇ. ಎಂದಾದರೂ ತಡೆಯಲಾಗದೆ ಗೇಟು ತೆಗೆದೇಬಿಟ್ಟರೆ ನಾನು ಬೈಯುವುದಿಲ್ಲ. ಆದರೆ ಅವತ್ತೇ ಬಂದು ನನಗೆ ಹೇಳು. ನಾನು ಅವತ್ತೇ ಹೇಳಿದ್ದರೆ ಅವ್ವನ ಒಳಲೆ ಬೆಲ್ಲ ತುಂಬಿಕೊಂಡು ನಮ್ಮ ಮನೆಗೆ ತಿರುಗಿ ಬರುತ್ತಿತ್ತು. ನಿಮ್ಮಪ್ಪನೂ ನೀವೂ ಅದರಲ್ಲೇ ಹಾಲು ಕುಡಿದು ಬೆಳೆಯುತ್ತಿದ್ದಿರಿ.